ಜಿಂಕೆಯ ಟ್ಯಾಕ್ಸಿಡರ್ಮಿ: ಗಿರಾಕಿಯ ಚರ್ಮಕ್ಕೆ ಕೈಹಾಕುವ ಮುನ್ನ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಂದು ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂಬತ್ತು ದಿನಗಳ ಜಿಂಕೆ ಬೇಟೆಯ ಋತು ಆರಂಭವಾಗುತ್ತದೆ. ಆ ದಿನಗಳಲ್ಲಿ ಇಲ್ಲಿನ ರಸ್ತೆಗಳಲ್ಲಿ ಸಂಚರಿಸಿದವರು ಪಿಕಪ್ ಟ್ರಕ್ಕುಗಳ ಹಿಂಭಾಗದಲ್ಲಿ ಮಲಗಿಸಿದ ಬಿಳಿಬಾಲದ ಜಿಂಕೆಗಳನ್ನು ಕಂಡೇ ಇರುತ್ತಾರೆ. ಬೇಟೆಯ ಬಹುಪಾಲು ಮಾಂಸವಾಗಿ ಮನೆಯ ಫ್ರೀಜರ್ ಸೇರುತ್ತದೆ. ಒಳ್ಳೆಯ ಕೊಂಬುಗಳಿರುವ ಕೆಲವು ತಲೆಗಳು ಮಾತ್ರ ಟ್ಯಾಕ್ಸಿಡರ್ಮಿಸ್ಟರ ಬಳಿಗೆ ಹೋಗಿ, ತಿಂಗಳುಗಳ ನಂತರ ಭುಜದವರೆಗಿನ ಮೌಂಟ್ ಆಗಿ ಗೋಡೆಗೇರುತ್ತವೆ. ಗ್ರೀಕ್ ಮೂಲದ ಈ ಪದಕ್ಕೆ ಚರ್ಮವನ್ನು ಅಣಿಗೊಳಿಸುವುದು ಎಂಬಷ್ಟೇ ಅರ್ಥ. ಹುಲ್ಲು ತುಂಬಿದ ಬೊಂಬೆ ಎಂದು ನಮ್ಮಲ್ಲಿ ಅನೇಕರು ಇದನ್ನು ಭಾವಿಸುವುದುಂಟು. ವಾಸ್ತವದಲ್ಲಿ ಇಂದಿನ ಜಿಂಕೆಯ ತಲೆಯೊಳಗೆ ತುಂಬಿದ್ದೇನೂ ಇಲ್ಲ. ಪಾಲಿಯುರೆಥೇನ್ ಫೋಮಿನ ಶಿಲ್ಪವೊಂದರ ಮೇಲೆ ಹದಮಾಡಿದ ಚರ್ಮವನ್ನು ಅಂಟಿಸಲಾಗಿರುತ್ತದೆ.

ಈ ವಿದ್ಯೆಯನ್ನು ಹವ್ಯಾಸವಾಗಿ ಕಲಿಯಲು ಆರಂಭಿಸಿದವರೆಲ್ಲರಿಗೂ ಒಂದು ಹಂತದಲ್ಲಿ ಎದುರಾಗುವ ಪ್ರಶ್ನೆಯಿದೆ: ಹಣ ಪಡೆದು ಪರರ ಜಿಂಕೆಯನ್ನು ಕೈಗೆತ್ತಿಕೊಳ್ಳಲು ಯಾವಾಗ ಅರ್ಹರಾಗುತ್ತೇವೆ? ಈ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟುಕೊಂಡವನು. ಆದ್ದರಿಂದಲೇ ಈ ಲೇಖನ.

ಒಂದು ತಪ್ಪಿನ ಕಥೆ

ಮನೆಯ ನೆಲಮಾಳಿಗೆಯಲ್ಲಿ ಎರಡು ತಲೆಗಳನ್ನು ಮಾಡಿ ಮುಗಿಸಿದ್ದೆ. ರಾಜ್ಯದ ಪರವಾನಗಿ ಕೈಗೆ ಬಂದಿತ್ತು. ಕೆಲಸ ಇನ್ನೂ ಕೈಗೆ ಬಂದಿರಲಿಲ್ಲ. ಆ ವರ್ಷ ನೆರೆಮನೆಯವರು ತಮ್ಮ ಹನ್ನೆರಡು ವರ್ಷದ ಮಗನ ಮೊದಲ ಜಿಂಕೆಯ ಚರ್ಮವನ್ನು ತಂದುಕೊಟ್ಟು ಮುಂಗಡವನ್ನೂ ಕೊಟ್ಟರು. ಚರ್ಮ ಸುಸ್ಥಿತಿಯಲ್ಲಿತ್ತು. ಅದರ ಬಿಸಿ ಪೂರ್ತಿ ಆರುವ ಮೊದಲೇ ನಾನು ಅದನ್ನು ಮಡಿಚಿ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಗ್ಯಾರೇಜಿನಲ್ಲಿ ಎರಡು ದಿನ ಬಿಟ್ಟೆ. ನವೆಂಬರ್ ತಿಂಗಳಾದರೂ ಆ ದಿನಗಳು ಬೆಚ್ಚಗಿದ್ದವು. ಆಮ್ಲದ ದ್ರಾವಣದಿಂದ ಚರ್ಮವನ್ನು ಹೊರತೆಗೆದಾಗ ಕಿವಿಯ ಬುಡದಲ್ಲೂ ಒಂದು ಕಣ್ಣಿನ ಸುತ್ತಲೂ ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು.

ಮುಂಗಡವನ್ನು ಹಿಂದಿರುಗಿಸಿ ನಡೆದದ್ದನ್ನು ತಿಳಿಸಿದೆ. ಬೇರೊಂದು ಜಿಂಕೆಯ ಚರ್ಮವನ್ನು ತಂದು ಇದೇ ಕೊಂಬುಗಳನ್ನು ಕೂರಿಸಿಕೊಡುತ್ತೇನೆ ಎಂದೆ. ಈ ವೃತ್ತಿಯಲ್ಲಿ ಅದು ಹೊಸದೇನಲ್ಲ. ಆಗ ಆ ಹುಡುಗ ಕೇಳಿದ: "ಹಾಗಾದರೆ ಅದು ನನ್ನ ಜಿಂಕೆ ಹೇಗಾಗುತ್ತದೆ?" ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ ಕೊಂಬುಗಳನ್ನು ಮಾತ್ರ ಮರದ ಹಲಗೆಯೊಂದಕ್ಕೆ ಕೂರಿಸಿಕೊಟ್ಟೆ. ಬಡಗಿ ಹಲಗೆ ಕೆಡಿಸಿದರೆ ಇನ್ನೊಂದು ಹಲಗೆ ತರಬಹುದು, ದರ್ಜಿ ಬಟ್ಟೆ ಕೆಡಿಸಿದರೆ ಇನ್ನೊಂದು ಗಜ ಬಟ್ಟೆ ಕೊಡಿಸಬಹುದು. ಟ್ಯಾಕ್ಸಿಡರ್ಮಿಸ್ಟನ ಕೈಗೆ ಬರುವ ಚರ್ಮಕ್ಕೆ ಎರಡನೆಯ ಪ್ರತಿಯಿಲ್ಲ. ಕೆಟ್ಟರೆ ನಮಗಲ್ಲದೆ ಮತ್ತಾರಿಗೂ ನಷ್ಟವಾಗದ ಚರ್ಮಗಳ ಮೇಲೆಯೇ ಮೊದಲು ಕಲಿಯಬೇಕು ಎಂಬುದು ಇದರಿಂದ ನಾನು ಕಲಿತ ಪಾಠ.

ಕಲೆಯ ಹಿನ್ನೆಲೆ

ಶಿಕಾಗೋ ನಗರದ ಫೀಲ್ಡ್ ಮ್ಯೂಸಿಯಮ್ಮಿಗೆ ಹೋಗುವ ಓದುಗರು ಬಿಳಿಬಾಲದ ಜಿಂಕೆಗಳನ್ನು ನಾಲ್ಕು ಋತುಗಳಲ್ಲಿ ತೋರಿಸುವ ದೃಶ್ಯಗಳನ್ನು ತಪ್ಪದೆ ನೋಡಬೇಕು. ಅವನ್ನು ರಚಿಸಿದವರು ಕಾರ್ಲ್ ಏಕ್ಲಿ (1864–1926) ಮತ್ತು ಅವರ ಪತ್ನಿ ಡೀಲಿಯಾ. ಅಲ್ಲಿನ ಸಾವಿರಾರು ಎಲೆಗಳು ಮೇಣದಿಂದ ಮಾಡಿದವು. ಏಕ್ಲಿಯವರ ಮುಖ್ಯ ಕೊಡುಗೆ ಅವರ ವಿಧಾನ. ಪ್ರಾಣಿಯ ಮಾಂಸಖಂಡಗಳನ್ನು ಮೊದಲು ಜೇಡಿಮಣ್ಣಿನಲ್ಲಿ ಕಡೆದು, ಅದರಿಂದ ಅಚ್ಚು ತೆಗೆದು, ಹಗುರವಾದ ಟೊಳ್ಳು ದೇಹವನ್ನು ರೂಪಿಸಿ, ಅದರ ಮೇಲೆ ಚರ್ಮವನ್ನು ಹೊದಿಸುತ್ತಿದ್ದರು. ಇಂದು ಅಂಗಡಿಯಲ್ಲಿ ದೊರೆಯುವ ಫೋಮಿನ ಫಾರ್ಮುಗಳು ಇದೇ ಪರಂಪರೆಯವು.

ಕನ್ನಡಿಗರಿಗೆ ಈ ಕಲೆ ತೀರಾ ಅಪರಿಚಿತವೂ ಅಲ್ಲ. ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ ಇಪ್ಪತ್ತನೆಯ ಶತಮಾನದುದ್ದಕ್ಕೂ ಮಹಾರಾಜರಿಗೂ ಬ್ರಿಟಿಷ್ ಅಧಿಕಾರಿಗಳಿಗೂ ಹುಲಿ, ಚಿರತೆಗಳನ್ನು ಸಿದ್ಧಪಡಿಸಿಕೊಟ್ಟು ಜಗತ್ತಿನಾದ್ಯಂತ ಹೆಸರು ಪಡೆದಿತ್ತು. ಅಲ್ಲಿಯೂ ಅಚ್ಚುಗಳಿಂದ ತೆಗೆದ ಕಾಗದದ ತಿರುಳಿನ ದೇಹಗಳನ್ನೇ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಭಾರತದಲ್ಲಿ ಇಂಥ ಕೆಲಸಕ್ಕೆ ಅವಕಾಶ ಕುಗ್ಗಿತು. 1999ರಲ್ಲಿ ಸಂಸ್ಥೆ ಮುಚ್ಚಿತು. ಆದ್ದರಿಂದ ಇಲ್ಲಿ ಹೇಳುವ ಅಭ್ಯಾಸಕ್ರಮ ಅಮೆರಿಕದ ಕಾನೂನಿನ ಚೌಕಟ್ಟಿನೊಳಗಿನದು. ಊರಿಗೆ ಹೋದಾಗ ಅಲ್ಲಿ ಪ್ರಯೋಗಿಸುವಂಥದ್ದಲ್ಲ.

ಮೊದಲನೆಯದು ಚರ್ಮ

ಹೊಸಬರ ಸೋಲು ಬಹುತೇಕ ಕಣ್ಣಿಗೆ ಕಾಣದ ಹಂತದಲ್ಲೇ ಆಗಿಹೋಗಿರುತ್ತದೆ. ತೇವ ಮತ್ತು ಬಿಸಿ ಸೇರಿದಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೂದಲಿನ ಬುಡವನ್ನು ಸಡಿಲಿಸುತ್ತದೆ. ಇದಕ್ಕಿರುವ ಉಪಾಯ ಬೇಗ ತಣಿಸುವುದು, ಬೇಗ ಮಾಂಸ ಬಿಡಿಸುವುದು, ಬೇಗ ಉಪ್ಪು ಹಾಕುವುದು. ಕಿವಿಯ ಮೃದ್ವಸ್ಥಿಯನ್ನು ಹಿಂಭಾಗದ ಚರ್ಮದಿಂದ ತುದಿಯವರೆಗೂ ಬಿಡಿಸಿ ಕಿವಿಯನ್ನು ಕಾಲುಚೀಲದಂತೆ ಒಳಹೊರಗು ಮಾಡಬೇಕು. ತುಟಿ, ರೆಪ್ಪೆ, ಮೂಗುಗಳ ಎರಡು ಪದರಗಳನ್ನು ಸೀಳಿ ತೆರೆಯಬೇಕು. ಉಪ್ಪು ತಲುಪದ ಒಂದು ಮಡಿಕೆ ಉಳಿದರೂ ಕೂದಲು ಉದುರುವುದು ಅಲ್ಲಿಂದಲೇ. ಅಯೋಡಿನ್ ಇಲ್ಲದ ನುಣುಪಾದ ಉಪ್ಪನ್ನು ಚರ್ಮದ ತೂಕದಷ್ಟೇ ತೂಗಿ ಹಾಕಿ, ಒಂದು ದಿನದ ಬಳಿಕ ನೀರು ಬಿಟ್ಟ ಉಪ್ಪನ್ನು ಕೊಡವಿ ಹೊಸ ಉಪ್ಪು ಹಾಕುವುದು ರೂಢಿ.

ನಂತರದ ಆಮ್ಲದ ದ್ರಾವಣದಲ್ಲಿ ಪಿಎಚ್ ಮಟ್ಟ 2ರ ಆಸುಪಾಸಿನಲ್ಲಿಯೋ ಅದಕ್ಕಿಂತ ಕೆಳಗೋ ಇರಬೇಕು. ಇದನ್ನು ಅಂದಾಜಿಗೆ ಬಿಡದೆ ದಿನವೂ ಅಳೆಯಬೇಕು. ಆಮ್ಲದಿಂದ ಗಟ್ಟಿಯಾದ ಚರ್ಮವನ್ನು ಒಳಭಾಗದಿಂದ ಹೆರೆದು ತೆಳುವಾಗಿಸಿ, ಅಡುಗೆ ಸೋಡಾದ ನೀರಿನಲ್ಲಿ ಆಮ್ಲವನ್ನು ತಣಿಸಿ, ಬಳಿಕ ಹದಮಾಡುವ ದ್ರವ್ಯ ಮತ್ತು ಎಣ್ಣೆ ಹಚ್ಚಬೇಕು. ಮುಖದ ಭಾಗ ದಪ್ಪವಾಗಿ ಉಳಿದರೆ ಒಣಗುವಾಗ ಎಳೆಯುತ್ತದೆ. ಅತಿಯಾಗಿ ಹೆರೆದರೆ ಕೂದಲಿನ ಬೇರು ತುಂಡಾಗುತ್ತದೆ. ಈ ಎರಡರ ನಡುವಿನ ಅಳತೆ ಬೆರಳಿಗೆ ತಿಳಿಯುವ ಮುನ್ನ ಕೆಲವು ಚರ್ಮಗಳು ಹಾಳಾಗಿಯೇ ತೀರುತ್ತವೆ. ಹಾಳಾಗುವುದಾದರೆ ಕೊಂಬಿಲ್ಲದ ಹೆಣ್ಣು ಜಿಂಕೆಯ ಚರ್ಮ ಹಾಳಾಗಲಿ. ಮಾಂಸ ಕತ್ತರಿಸಿಕೊಡುವ ಅಂಗಡಿಗಳಲ್ಲಿ ಅಂಥ ಚರ್ಮಗಳು ಬೇಡವಾಗಿ ಬಿದ್ದಿರುತ್ತವೆ. ನಿಯಮಗಳಿಗೆ ಒಳಪಟ್ಟು ಕೇಳಿ ಪಡೆಯಬಹುದು.

ಕಲಿಯುವವರಿಗೆ ನಾನು ಕೊಡುವ ಸಲಹೆ ಇನ್ನೊಂದಿದೆ. ಮೊದಲ ಆರು ಚರ್ಮಗಳಲ್ಲಿ ಮೂರನ್ನು ಹದಮಾಡುವ ಕಾರ್ಖಾನೆಗೆ ಕಳುಹಿಸಿ. ಹದ ಮಾಡುವುದು ಒಂದು ವಿದ್ಯೆ, ಮೌಂಟ್ ಮಾಡುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕಲಿಯಹೊರಟರೆ ಕೊನೆಯಲ್ಲಿ ಕಾಣುವ ದೋಷ ಯಾವುದರಲ್ಲಿ ಹುಟ್ಟಿತೆಂದು ತಿಳಿಯುವುದೇ ಇಲ್ಲ.

ಅಳತೆ, ಕಣ್ಣು, ಮುಖ

ಫಾರ್ಮ್ ತರಿಸುವ ಮುನ್ನ ಮೂರು ಅಳತೆ ಬೇಕು: ಕಣ್ಣಿನ ಮುಂಬದಿಯ ಮೂಲೆಯಿಂದ ಮೂಗಿನ ತುದಿಯವರೆಗಿನ ದೂರ, ಕಿವಿಯ ಹಿಂದಿನ ಕುತ್ತಿಗೆಯ ಸುತ್ತಳತೆ, ಅದಕ್ಕಿಂತ ಕೆಳಗೆ ಇನ್ನೊಂದು ಸುತ್ತಳತೆ. ಇವನ್ನು ಚರ್ಮ ಸುಲಿದ ದೇಹದ ಮೇಲೆ ತೆಗೆಯುವುದು ಉತ್ತಮ; ಹದವಾದ ಚರ್ಮ ಹಿಗ್ಗಿ ಮೋಸ ಮಾಡುತ್ತದೆ. ನವೆಂಬರ್ ತಿಂಗಳ ಬೆದೆಗಾಲದಲ್ಲಿ ಗಂಡು ಜಿಂಕೆಯ ಕುತ್ತಿಗೆ ಉಬ್ಬಿರುತ್ತದೆ. ಸೆಪ್ಟೆಂಬರ್ ತಿಂಗಳ ತೆಳುಗೂದಲಿನ ಚರ್ಮಕ್ಕೆ ಅಂಥ ಕುತ್ತಿಗೆಯ ಫಾರ್ಮ್ ತಂದು ಎಳೆದು ಹೊಲಿದರೆ ಆ ಹೊಲಿಗೆ ಒಂದಲ್ಲ ಒಂದು ದಿನ ಬಾಯಿ ಬಿಡುತ್ತದೆ.

ನೋಡುವವರ ದೃಷ್ಟಿ ಮೊದಲು ಹೋಗುವುದು ಕಣ್ಣಿಗೆ. ಜಿಂಕೆಯ ಪಾಪೆ ಅಡ್ಡಕ್ಕೆ ಉದ್ದವಾಗಿದ್ದು, ತಲೆ ಬಾಗಿದರೂ ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರವಾಗಿ ನಿಲ್ಲುತ್ತದೆ. ಗಾಜಿನ ಕಣ್ಣನ್ನು ತುಸು ತಿರುಗಿಸಿ ಕೂರಿಸಿದರೂ ಪ್ರಾಣಿ ಬೆಚ್ಚಿದಂತೆಯೋ ಮಂಕು ಬಡಿದಂತೆಯೋ ಕಾಣುತ್ತದೆ. ಇದಕ್ಕೆ ಚರ್ಮವಿಲ್ಲದ ಅಭ್ಯಾಸವೇ ಮದ್ದು. ಫೋಮಿನ ತಲೆಯೊಂದನ್ನು ಮೇಜಿನ ಮೇಲಿಟ್ಟು ಕಣ್ಣು ಕೂರಿಸಿ, ಜೇಡಿಮಣ್ಣಿನಲ್ಲಿ ರೆಪ್ಪೆ ಕಡೆದು, ಕನ್ನಡಿಯಲ್ಲಿ ನೋಡಿ, ಕಿತ್ತು, ಮತ್ತೆ ಕೂರಿಸಬೇಕು. ನೇರ ನೋಟದಲ್ಲಿ ಮರೆಯಾಗುವ ಎಡಬಲಗಳ ವ್ಯತ್ಯಾಸ ಕನ್ನಡಿಯ ತಿರುವಿನಲ್ಲಿ ಬಯಲಾಗುತ್ತದೆ. ಒಂದು ಚಳಿಗಾಲ ಪೂರ್ತಿ ನಾನು ಇದನ್ನೇ ಮಾಡಿದೆ.

ಇನ್ನೊಬ್ಬರು ಮಾಡಿದ ಮೌಂಟ್ ನೋಡಿ ಕಲಿತರೆ ಅವರ ತಪ್ಪುಗಳನ್ನೂ ಕಲಿಯುತ್ತೇವೆ. ಜೀವಂತ ಜಿಂಕೆಯನ್ನೇ ನೋಡಬೇಕು. ಅಮೆರಿಕದ ಉಪನಗರಗಳಲ್ಲಿ ಇದು ಕಷ್ಟವಲ್ಲ. ಹಿತ್ತಿಲ ಹೂಗಿಡಗಳನ್ನು ಮೇಯಲು ಅವೇ ಬರುತ್ತವೆ. ಕಿವಿಗಳು ಒಂದನ್ನೊಂದು ಅವಲಂಬಿಸದೆ ಬೇರೆ ಬೇರೆ ದಿಕ್ಕಿಗೆ ತಿರುಗುವುದು, ನಿರಾಳವಾಗಿದ್ದಾಗ ರೆಪ್ಪೆ ಇಳಿಯುವ ಪರಿ, ಕಣ್ಣಿನ ಮುಂದಿನ ಗ್ರಂಥಿಯ ಕುಳಿ, ಮೂಗಿನ ಹೊಳ್ಳೆಯ ಒಳತಿರುವು, ಇವುಗಳ ಚಿತ್ರಗಳನ್ನು ನೀವೇ ತೆಗೆದು ಕೆಲಸದ ಮೇಜಿನೆದುರು ಅಂಟಿಸಿಕೊಳ್ಳಿ.

ಒಂದು ವರ್ಷದ ಗೋಡೆ

ಅಂಟು ಹಚ್ಚಿ, ಹೊಲಿದು, ರೆಪ್ಪೆ ತುಟಿಗಳನ್ನು ಒಳಗೆ ಮಡಿಸಿ, ಗುಂಡುಸೂಜಿಗಳಿಂದ ಬಂಧಿಸಿದ ದಿನ ಪ್ರತಿಯೊಂದು ಮೌಂಟ್ ಕೂಡ ಸುಂದರವಾಗಿಯೇ ಕಾಣುತ್ತದೆ. ಒದ್ದೆ ಚರ್ಮ ಎಲ್ಲ ತಪ್ಪುಗಳನ್ನೂ ಮುಚ್ಚಿಡುತ್ತದೆ. ಮೂರು ನಾಲ್ಕು ವಾರ ಒಣಗುವಾಗ ಚರ್ಮ ಕುಗ್ಗಿ ತನ್ನ ದಾರಿ ಹುಡುಕುತ್ತದೆ. ಸರಿಯಾಗಿ ಅಂಟದಿದ್ದಲ್ಲಿ ಫಾರ್ಮಿನಿಂದ ಮೇಲೆದ್ದು ತಮಟೆಯಂತೆ ಬಿಗಿದುಕೊಳ್ಳುತ್ತದೆ, ತುಟಿ ಬಿಚ್ಚಿಕೊಳ್ಳುತ್ತದೆ, ಕಿವಿಯ ಅಂಚು ಸುರುಟುತ್ತದೆ. ಮೊದಲ ವಾರ ದಿನಕ್ಕೆ ಎರಡು ಬಾರಿಯಾದರೂ ಪರೀಕ್ಷಿಸಿ ಒತ್ತಿ ಕೂರಿಸುತ್ತಿರಬೇಕು. ಅಲ್ಲಿಗೂ ಮುಗಿಯುವುದಿಲ್ಲ. ಚಳಿಗಾಲದ ಹೀಟರಿನ ಒಣಗಾಳಿ, ಬೇಸಿಗೆಯ ತೇವ ಎರಡನ್ನೂ ಕಂಡ ಮೇಲೆಯೇ ಹೊಲಿಗೆಯ ಹಾಗೂ ಅಂಟಿನ ನಿಜವಾದ ಗುಣ ತಿಳಿಯುವುದು.

ಆದ್ದರಿಂದ ಅರ್ಹತೆಯ ಪ್ರಶ್ನೆಗೆ ಇಂದಿನ ನನ್ನ ಉತ್ತರ ತಲೆಗಳ ಲೆಕ್ಕದಲ್ಲಿಲ್ಲ, ಕಾಲದ ಲೆಕ್ಕದಲ್ಲಿದೆ. ನಿಮ್ಮ ಕೆಲಸವನ್ನು ನಿಮ್ಮದೇ ಗೋಡೆಯ ಮೇಲೆ ಒಂದು ವರ್ಷ ತೂಗುಹಾಕಿ. ಪ್ರತಿಯೊಂದರ ಹಿಂದೆ ದಿನಾಂಕ, ಬಳಸಿದ ಹದ, ಅಂಟು, ಪಿಎಚ್ ಅಳತೆಗಳನ್ನು ಬರೆದಿಡಿ. ಅದೇ ಕ್ರಮದಲ್ಲಿ ಮಾಡಿದ ಮೂರು ತಲೆಗಳು ವರ್ಷ ಕಳೆದರೂ ಬದಲಾಗದೆ ನಿಂತರೆ ಮಾತ್ರ ಆ ಕ್ರಮ ನಿಮ್ಮದಾಗಿದೆ ಎಂದರ್ಥ.

ನಮ್ಮ ಕಣ್ಣು ನಮ್ಮ ತಪ್ಪಿಗೆ ಬೇಗ ಒಗ್ಗಿಬಿಡುವುದರಿಂದ ಪರರ ಪರೀಕ್ಷೆಯೂ ಬೇಕು. ಹಲವು ರಾಜ್ಯಗಳ ಟ್ಯಾಕ್ಸಿಡರ್ಮಿ ಸಂಘಗಳು ವಾರ್ಷಿಕ ಸಮಾವೇಶಗಳಲ್ಲಿ ಹೊಸಬರಿಗಾಗಿಯೇ ಪ್ರತ್ಯೇಕ ವಿಭಾಗದ ಸ್ಪರ್ಧೆ ಇಡುತ್ತವೆ. ತೀರ್ಪುಗಾರರು ಟಾರ್ಚ್ ಹಿಡಿದು ಮೂಗಿನ ಹೊಳ್ಳೆಯನ್ನೂ ಕಿವಿಯ ಒಳಭಾಗವನ್ನೂ ನೋಡುತ್ತಾರೆ. ದೋಷಗಳನ್ನು ವಿವರಿಸಿ ಹೇಳುತ್ತಾರೆ. ಬಹುಮಾನಕ್ಕಿಂತ ಆ ಮಾತುಗಳೇ ಬೆಲೆಯುಳ್ಳವು. ಮೊದಲ ಬಾರಿ ನನಗೆ ಸಿಕ್ಕ ಟೀಕೆಗಳ ಪಟ್ಟಿ ಎರಡು ಪುಟ ತುಂಬಿತ್ತು. ಅದನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ನಿಯಮ ಮತ್ತು ವ್ಯವಹಾರ

ವಿಸ್ಕಾನ್ಸಿನ್ ಸೇರಿದಂತೆ ಹಲವು ರಾಜ್ಯಗಳಲ್ಲಿ ಹಣಕ್ಕಾಗಿ ಈ ಕೆಲಸ ಮಾಡಲು ಪರವಾನಗಿ ಬೇಕು. ಯಾರಿಂದ ಯಾವ ಪ್ರಾಣಿ ಬಂತೆಂಬ ದಾಖಲೆಯನ್ನೂ ಇಡಬೇಕು. ವಲಸೆ ಹಕ್ಕಿಗಳಿಗೆ ಕೇಂದ್ರ ಸರ್ಕಾರದ ಪ್ರತ್ಯೇಕ ಅನುಮತಿ ಅಗತ್ಯ. ರಸ್ತೆಯಲ್ಲಿ ಸತ್ತುಬಿದ್ದ ಜಿಂಕೆಯನ್ನು ಅಭ್ಯಾಸಕ್ಕೆಂದು ಅನುಮತಿಯಿಲ್ಲದೆ ತರಬಾರದು. ಜಿಂಕೆಗಳ ಮೆದುಳನ್ನು ಕ್ಷಯಿಸುವ ಸಿಡಬ್ಲ್ಯುಡಿ ಎಂಬ ಮಾರಕ ರೋಗ ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯಿತು. ಅದರಿಂದಾಗಿ ತಲೆ ಹಾಗೂ ಬೆನ್ನುಮೂಳೆಯ ಸಾಗಣೆಗೆ ನಿರ್ಬಂಧಗಳಿವೆ. ಕೈಗವಸು ಧರಿಸಿ, ಮೆದುಳಿನ ಅಂಶ ಉಳಿಯದಂತೆ ಕೊಂಬಿನ ತಲೆಬುರುಡೆಯ ತುಂಡನ್ನು ಶುಚಿಗೊಳಿಸಿ, ತ್ಯಾಜ್ಯವನ್ನು ನಿಯಮದಂತೆ ವಿಲೇವಾರಿ ಮಾಡಬೇಕು. ಹಳೆಯ ಕಾಲದ ಮೌಂಟುಗಳಲ್ಲಿ ಆರ್ಸೆನಿಕ್ ವಿಷವಿರುವ ಸಾಧ್ಯತೆ ಇರುವುದರಿಂದ ಪರೀಕ್ಷಿಸದೆ ಅವುಗಳ ದುರಸ್ತಿಗೆ ಕೈಹಾಕಬೇಡಿ.

ಇಷ್ಟಾದ ಮೇಲೆ ಗಿರಾಕಿಗಳನ್ನು ಒಪ್ಪಿಕೊಳ್ಳುವಾಗಲೂ ಮೊದಲ ಋತುವಿನಲ್ಲಿ ನಾಲ್ಕೈದು ತಲೆಗಳಿಗಿಂತ ಹೆಚ್ಚು ಬೇಡ. ಚರ್ಮ ಬಂದೊಡನೆ ಗಿರಾಕಿಯ ಎದುರಿನಲ್ಲಿಯೇ ಕಿವಿ, ಹೊಟ್ಟೆಯಂಚು, ಕಣ್ಣಿನ ಸುತ್ತ ಕೂದಲನ್ನು ಮೃದುವಾಗಿ ಎಳೆದು ನೋಡಿ, ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಮಾಡಿ. ಹಾಳಾದರೆ ಏನು ಮಾಡುವಿರೆಂಬುದೂ ಆ ಕಾಗದದಲ್ಲಿರಲಿ. ಬೇರೆ ಚರ್ಮ ಹಾಕಬೇಕಾಗಿ ಬಂದರೆ ಗಿರಾಕಿಗೆ ತಿಳಿಸದೆ ಹಾಕಬಾರದು. ನೋಡುವವರಿಗೆ ಗೊತ್ತಾಗದಿದ್ದರೂ ಅದು ವಂಚನೆಯೇ.

ಹಲಗೆಯ ಮೇಲಿನ ಆ ಕೊಂಬುಗಳು ಇಂದಿಗೂ ನೆರೆಮನೆಯ ಗೋಡೆಯ ಮೇಲಿವೆ. ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಎರಡು ವರ್ಷಗಳ ಹಿಂದೆ ಇನ್ನೊಂದು ಜಿಂಕೆಯನ್ನು ತಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಈಗ ಎಲ್ಲಿಡುತ್ತೀರಿ?" ಫ್ರೀಜರಿನ ಬಾಗಿಲು ತೆರೆದು ತೋರಿಸಿದೆ.