ಮನೆಪತ್ರ ಒತ್ತೆ ಇಟ್ಟ ಕಥೆ: ಭೋಗ್ಯದಿಂದ ಬ್ಯಾಂಕಿನವರೆಗೆ

ಮಗಳ ಮದುವೆ, ಮಗನ ಓದು, ಆಸ್ಪತ್ರೆಯ ಖರ್ಚು. ಕೈಯಲ್ಲಿ ಕಾಸಿಲ್ಲದಾಗ ಕೊನೆಗೆ ಕಣ್ಣು ಹೋಗುವುದು ಟ್ರಂಕಿನಲ್ಲಿರುವ ಮನೆಪತ್ರದ ಕಡೆಗೆ. ಆ ಪತ್ರ ಇಟ್ಟು ಸಾಲ ತರುವ ದಾರಿಗಳು ಹಲವು. ಎಲ್ಲ ದಾರಿಯಲ್ಲೂ ಮನೆ ಒಂದೇ ರೀತಿ ವಾಪಸ್ ಬರುವುದಿಲ್ಲ.

ನಮ್ಮ ಹಿರಿಯರಿಗೆ ಮುಖ್ಯವಾಗಿ ಮೂರು ದಾರಿ ಗೊತ್ತಿದ್ದವು. ಮೊದಲನೆಯದು ಭೋಗ್ಯ. ಹಣ ಕೊಟ್ಟವರು ಮನೆಯನ್ನು ತಾವೇ ಅನುಭವಿಸುತ್ತಾರೆ, ಅದೇ ಬಡ್ಡಿ. ಎರಡನೆಯದು ಆಧಾರ. ಮನೆ ನಮ್ಮ ಕೈಯಲ್ಲೇ ಇರುತ್ತದೆ. ಸಾಲ ತೀರದಿದ್ದರೆ ಅವರು ಕೋರ್ಟಿಗೆ ಹೋಗಿ ಹರಾಜು ಹಾಕಿಸಬೇಕು. ಮೂರನೆಯದು ಷರತ್ತಿನ ಕ್ರಯ. ಕಾಗದದಲ್ಲಿ ಮಾರಾಟ, ಗಡುವಿನೊಳಗೆ ಹಣ ಕೊಟ್ಟರೆ ಮನೆ ವಾಪಸ್. ಹೆಚ್ಚು ಮನೆ ಮುಳುಗಿಸುವ ಅಪಾಯ ಈ ಮೂರನೆಯದರಲ್ಲೇ.

1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅವರ ಸಿಟ್ಟೆಲ್ಲ ಆ ಕಾಗದಗಳ ಮೇಲಿತ್ತು. 1879ರಲ್ಲಿ ಬ್ರಿಟಿಷ್ ಸರ್ಕಾರ ದಖ್ಖನ್ ರೈತರ ಪರಿಹಾರ ಕಾಯ್ದೆ ತಂದಿತು. ಪತ್ರದಲ್ಲಿ ಬರೆದದ್ದಷ್ಟನ್ನೇ ನಂಬದೆ, ಸಾಲ ಹುಟ್ಟಿದ್ದು ಹೇಗೆ ಎಂದು ಕೆದಕಿ ನೋಡುವ ಅಧಿಕಾರ ಅದರಿಂದ ಕೋರ್ಟಿಗೆ ಸಿಕ್ಕಿತು.

1882ರ ಸ್ವತ್ತು ವರ್ಗಾವಣೆ ಕಾಯ್ದೆ ಈ ಮೂರೂ ದಾರಿಗಳನ್ನು ಬರೆದಿಟ್ಟಿತು. ಇಂದು ಕರ್ನಾಟಕಕ್ಕೂ ಅದೇ ಕಾಯ್ದೆ. ಅದರ 60ನೇ ಕಲಮು ಸಾಲ ಪಡೆದವರ ದೊಡ್ಡ ರಕ್ಷಣೆ: ವಾಯಿದೆ ಬಂದ ಮೇಲೆ ಹಣ ಕಟ್ಟಿದರೆ ಒತ್ತೆ ಇಟ್ಟ ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕಿದೆ. ಆದರೆ 1929ರ ತಿದ್ದುಪಡಿ ಒಂದು ಮಾತು ಸೇರಿಸಿತು. ಕ್ರಯಪತ್ರದ ಒಳಗೇ ಷರತ್ತು ಬರೆದಿರದಿದ್ದರೆ ಅದು ಒತ್ತೆ ಎನಿಸುವುದಿಲ್ಲ.

ಈ ಒಂದು ಸಾಲು ಇಂದಿಗೂ ಮನೆಗಳ ಹಣೆಬರಹ ಬರೆಯುತ್ತಿದೆ. "ಸುಮ್ಮನೆ ಭದ್ರತೆಗೆ ಕ್ರಯ ಮಾಡಿಕೊಡಿ, ಹಣ ಕೊಟ್ಟ ದಿನ ತಿರುಗಿ ಬರೆದುಕೊಡ್ತೀನಿ" ಎಂದು ಹೇಳುವವರು ಈಗಲೂ ಇದ್ದಾರೆ. ಆ ಮಾತು ಬಾಯಲ್ಲೇ ಉಳಿದರೆ, ಅಥವಾ ಬೇರೊಂದು ಛಾಪಾ ಕಾಗದದಲ್ಲಿದ್ದರೆ, ಕಾನೂನಿನ ಕಣ್ಣಿಗೆ ನೀವು ಮನೆ ಮಾರಿದ ಹಾಗೆಯೇ ಕಾಣಬಹುದು.

ಒತ್ತೆಯೇ ಇಲ್ಲದ ದಾರಿಯೊಂದನ್ನು ತೋರಿಸಿದ್ದು ನಮ್ಮದೇ ನೆಲ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಇಂಥ ಸಂಘಗಳಲ್ಲಿ ಊರವರು ಒಬ್ಬರಿಗೊಬ್ಬರು ಜಾಮೀನು ನಿಂತರೆ ಸಾಲ ಸಿಗುತ್ತಿತ್ತು.

ಬ್ಯಾಂಕಿನ ದಾರಿ ಹಳ್ಳಿಗೆ ತಡವಾಗಿ ಬಂತು. ಮೂಲಪತ್ರ ಒಪ್ಪಿಸಿ ಸಾಲ ಪಡೆಯುವ ಪದ್ಧತಿ ಮೊದಲು ಕಲ್ಕತ್ತಾ, ಮದ್ರಾಸಿನಂಥ ಬಂದರು ನಗರಗಳದ್ದು. ಗ್ರಾಮಠಾಣದ ಎಷ್ಟೋ ಮನೆಗಳಿಗೆ ಬ್ಯಾಂಕ್ ಒಪ್ಪುವ ದಾಖಲೆಯೇ ಇರಲಿಲ್ಲ. ಇ-ಸ್ವತ್ತು ಮತ್ತು 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆ ಆ ಕೊರತೆ ತುಂಬಲು ಹೊರಟಿವೆ.

ದಾಖಲೆ ಬಂದರೆ ಸಾಲವೂ ಬರುತ್ತದೆ, ಅದರ ಜೊತೆ 2002ರ ಸರ್ಫೇಸಿ ಕಾಯ್ದೆಯೂ ಬರುತ್ತದೆ. ಕಂತು ನಿಂತು ಸಾಲ ಕೆಟ್ಟರೆ ಬ್ಯಾಂಕ್ 60 ದಿನದ ನೋಟಿಸು ಕೊಡುತ್ತದೆ. ಆಮೇಲೆ ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ಪಡೆದು ಮಾರಬಹುದು. ಈ ಕಾಯ್ದೆಯಿಂದ ಕೃಷಿ ಜಮೀನಿಗೆ ವಿನಾಯಿತಿ ಇದೆ, ವಾಸದ ಮನೆಗೆ ಇಲ್ಲ. ವಶಕ್ಕೆ ಪಡೆದ ಕ್ರಮವನ್ನು ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಸಿಗುವುದು 45 ದಿನ.

ಆದ್ದರಿಂದ ಬಡ್ಡಿ ಎಷ್ಟು ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಪತ್ರದ ತಲೆಬರಹ ಕ್ರಯವೋ, ಆಧಾರವೋ? ಬಿಡಿಸಿಕೊಳ್ಳುವ ಷರತ್ತು ಅದೇ ಪತ್ರದಲ್ಲಿದೆಯೋ? ಕಂತು ತಪ್ಪಿದರೆ ಯಾರು, ಎಷ್ಟು ದಿನದಲ್ಲಿ, ಏನು ಮಾಡಬಹುದು? ಓದು ಬರುವವರಿಂದ ಪತ್ರವನ್ನು ಪೂರ್ತಿ ಓದಿಸಿ ಕೇಳಿ. ಹೆಬ್ಬೆಟ್ಟೋ ಸಹಿಯೋ, ಅದು ಆಮೇಲೆ.