ವಿಮಾ ಕಮಿಷನ್ನಿನ ಮರುವಸೂಲಿ ಮತ್ತು ಅಚೌರ್ಯಾಣುವ್ರತ

ಪ್ರತಿನಿಧಿಯ ದುಡಿಮೆಯ ಫಲ ಅವನಿಗೇ ಸಲ್ಲಬೇಕೆಂಬ ವಿಚಾರ ನಮ್ಮ ವಿಮಾ ಶಾಸನದಲ್ಲಿ ಹಳೆಯದು. 1938ರ ವಿಮಾ ಕಾಯಿದೆಯ 44ನೆಯ ಕಲಮು, ಏಜೆನ್ಸಿ ಮುಗಿಯಿತೆಂಬ ಒಂದೇ ಕಾರಣಕ್ಕೆ ನವೀಕರಣದ ಕಮಿಷನ್ನನ್ನು ನಿಲ್ಲಿಸಲಾಗದೆಂದು ಕೆಲವು ನಿಬಂಧನೆಗಳೊಡನೆ ವಿಧಿಸಿತ್ತು. ವಂಚನೆಯೆಸಗಿದವನಿಗೆ ಆ ರಕ್ಷಣೆಯಿರಲಿಲ್ಲ. ಅದೇ ಕಾಯಿದೆಯ 41ನೆಯ ಕಲಮು, ಕಮಿಷನ್ನಿನಲ್ಲಿ ಪಾಲು ಕೊಟ್ಟು ಗಿರಾಕಿಯನ್ನು ಸೆಳೆಯುವುದನ್ನು ನಿಷೇಧಿಸಿತು.

ಈಚಿನ ವ್ಯಾಜ್ಯಗಳಲ್ಲಿ ಅತಿ ತೊಡಕಿನವು ಈ ಎರಡನೆಯದನ್ನು ಮರೆತಲ್ಲಿ ಹುಟ್ಟುತ್ತವೆಂದು ನನ್ನ ಅಭಿಪ್ರಾಯ. 2002ರ ನಿಯಮಾವಳಿ, ಜೀವವಿಮಾ ಪಾಲಿಸಿ ಕೈಸೇರಿದ 15 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕನ್ನು ಗಿರಾಕಿಗೆ ಕೊಟ್ಟಿತು. 2024ರಲ್ಲಿ ಆ ಅವಧಿ 30 ದಿನಗಳಾಯಿತು. ಪಾಲಿಸಿ ಹಾಗೆ ಮರಳಿದರೆ, ಸಂದಾಯವಾದ ಕಮಿಷನ್ನನ್ನು ಕಂಪನಿ ಪ್ರತಿನಿಧಿಯ ಮುಂದಿನ ಲೆಕ್ಕದಲ್ಲಿ ಮುರಿದುಕೊಳ್ಳುತ್ತದೆ. ಲೆಕ್ಕ ತಪ್ಪಿದ್ದರೆ ಪಾಲಿಸಿ ಸಂಖ್ಯೆ, ರಸೀದಿ, ರದ್ದತಿಯ ದಿನಾಂಕಗಳನ್ನು ಮುಂದಿಟ್ಟು ಬರವಣಿಗೆಯಲ್ಲಿ ಕೇಳುವುದು ನ್ಯಾಯ. ಸುಮ್ಮನಿರುವುದು ಕ್ಷಮಾಗುಣವೇನೂ ಅಲ್ಲ. ಆದರೆ ಕಮಿಷನ್ನಿನ ಅರ್ಧವನ್ನು ಗುಟ್ಟಾಗಿ ಗಿರಾಕಿಗೆ ಕೊಟ್ಟವನು, ಪೂರ್ಣ ಮೊತ್ತವನ್ನು ಮರಳಿ ತೆರಬೇಕಾದಾಗ ತನ್ನ ನಷ್ಟವನ್ನು ಯಾರ ಮುಂದೆ ಹೇಳಿಕೊಂಡಾನು?

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯದ ಐದು ಅತಿಚಾರಗಳೊಳಗೆ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದ್ದಾರೆ. ರಾಜ್ಯದ ಕಟ್ಟಳೆ ಮೀರಿದ ವ್ಯವಹಾರ ಅದರಲ್ಲಿ ಸೇರುತ್ತದೆ. ರಿಬೇಟನ್ನು ದಾನವೆಂದು ಕರೆದುಕೊಳ್ಳುವವರೂ ನಮ್ಮಲ್ಲಿದ್ದಾರೆ. 2015ರ ತಿದ್ದುಪಡಿಯಂತೂ ಈ ‘ದಾನ’ಕ್ಕೆ ದಂಡವನ್ನು 10 ಲಕ್ಷ ರೂಪಾಯಿಗಳವರೆಗೆ ಏರಿಸಿತು.