ಆಫೀಸ್ ಮುಗಿಸಿ ಕೋಡಿಂಗ್ ಕಲಿತವರು

ಪುಣೆಯಲ್ಲಿರೋ ನನ್ನ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. ವಯಸ್ಸು 34. ಹಗಲು ಅಕೌಂಟ್ಸ್ ಕೆಲಸ, ರಾತ್ರಿ ಹತ್ತರ ಮೇಲೆ ಪೈಥಾನ್ ಕಲಿಕೆ. "ಮಾವ, ನಾನು ತಡ ಮಾಡಿದ್ನಾ?" ಅಂತ ಕೇಳಿದ. ಫೋನಲ್ಲಿ ಏನೋ ನಾಲ್ಕು ಧೈರ್ಯದ ಮಾತು ಹೇಳಿ ಇಟ್ಟೆ. ಆಮೇಲೆ ಯೋಚನೆ ಮಾಡಿದರೆ, ಇದೇ ಪ್ರಶ್ನೆ ಅವನಿಗಿಂತ ಮುಂಚೆ ಎಷ್ಟೋ ಜನ ಕೇಳಿಕೊಂಡಿದ್ದಾರೆ. ಇವತ್ತು ಅವರ ಕತೆ ಹೇಳ್ತೀನಿ.

ಪ್ರೋಗ್ರಾಮಿಂಗ್ ಅನ್ನೋ ಕಸುಬು ಹುಟ್ಟಿದಾಗ ಅದಕ್ಕೆ ಡಿಗ್ರಿ ಇರಲಿಲ್ಲ, ಕಲಿಸೋ ಮೇಷ್ಟ್ರೂ ಇರಲಿಲ್ಲ. ಬೇರೆ ಕೆಲಸದಲ್ಲಿದ್ದವರೇ ಅದನ್ನು ಕಲಿತರು. 1945ರಲ್ಲಿ ಅಮೆರಿಕದ ಸೇನೆಗಾಗಿ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಅನ್ನೋ ಕಂಪ್ಯೂಟರ್ ತಯಾರಾಗ್ತಿತ್ತು. ಹಳೇ ರೇಡಿಯೋದಲ್ಲಿ ಇರ್ತಿದ್ದಂಥ ವಾಲ್ವ್‌ಗಳೇ ಅದರಲ್ಲಿ ಸುಮಾರು 18,000. ಅದನ್ನು ನಡೆಸೋಕೆ ಆರಿಸಿದ್ದು ಆರು ಜನ ಹೆಣ್ಣುಮಕ್ಕಳನ್ನು. ಫಿರಂಗಿ ಗುಂಡು ಹೋಗೋ ದಾರಿಯನ್ನು ಕೈಲೆಕ್ಕ ಹಾಕೋದು ಆಗ ಅವರ ನೌಕರಿ. ಒಂದೊಂದು ಲೆಕ್ಕಕ್ಕೆ ಮೂವತ್ತು ಗಂಟೆಗೂ ಮೀರಿ ಹಿಡೀತಿತ್ತು. ಭದ್ರತೆಯ ಅನುಮತಿ ಇಲ್ಲ ಅಂತ ಮೊದಮೊದಲು ಯಂತ್ರದ ಕೋಣೆಗೇ ಅವರನ್ನು ಬಿಡಲಿಲ್ಲ. ನಕ್ಷೆಗಳನ್ನು ಹರಡಿಕೊಂಡು, ಎಂಜಿನಿಯರುಗಳನ್ನು ಕೇಳಿ ಕೇಳಿ, ಯಾವ ಕೇಬಲ್ ಎಲ್ಲಿಗೆ ಚುಚ್ಚಬೇಕು ಅಂತ ತಾವೇ ಕಂಡುಕೊಂಡರು. 1946ರ ಫೆಬ್ರವರಿಯಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಮೂವತ್ತು ಗಂಟೆಯ ಲೆಕ್ಕ ಅರ್ಧ ನಿಮಿಷದೊಳಗೆ ಮುಗೀತು. ಆ ಆರು ಜನರ ಹೆಸರು ಮಾತ್ರ ಹತ್ತಾರು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಇನ್ನೊಬ್ಬರು ಡೊರೊಥಿ ವಾನ್. ವರ್ಜೀನಿಯಾದಲ್ಲಿ ಗಣಿತದ ಟೀಚರ್ ಆಗಿದ್ದವರು, 1943ರಲ್ಲಿ ಲ್ಯಾಂಗ್ಲಿಯ ವಿಮಾನ ಸಂಶೋಧನಾ ಕೇಂದ್ರಕ್ಕೆ ಲೆಕ್ಕ ಹಾಕೋ ಕೆಲಸಕ್ಕೆ ಸೇರಿದರು. ಕಪ್ಪು ಜನಾಂಗದ ಹೆಣ್ಣುಮಕ್ಕಳನ್ನು ಅಲ್ಲಿ ಬೇರೆ ವಿಭಾಗದಲ್ಲಿ ಕೂರಿಸ್ತಿದ್ದರು. 1949ರಲ್ಲಿ ಡೊರೊಥಿ ಆ ವಿಭಾಗದ ಮುಖ್ಯಸ್ಥೆ ಆದರು. ಅಷ್ಟರಲ್ಲಿ ಯಂತ್ರಗಳು ಬರತೊಡಗಿದವು. ಕೈಲೆಕ್ಕದ ಕೆಲಸಕ್ಕೆ ಉಳಿಗಾಲ ಇಲ್ಲ ಅಂತ ಗೊತ್ತಾದಾಗ ಅವರು ಫೋರ್ಟ್ರಾನ್ ಕಲಿತರು, ತಮ್ಮ ಜೊತೆಯವರಿಗೂ ಕಲಿಸಿದರು. ಲೆಕ್ಕ ನೋಡಿ: ಅವರು ಹುಟ್ಟಿದ್ದು 1910ರಲ್ಲಿ, ಫೋರ್ಟ್ರಾನ್ ಹೊರಬಂದಿದ್ದು 1957ರಲ್ಲಿ. ಆ ಭಾಷೆ ಹುಟ್ಟೋವಾಗಲೇ ಅವರಿಗೆ ಹತ್ತಿರ ಹತ್ತಿರ 47 ಆಗಿತ್ತು! ನಮ್ಮ ಹುಡುಗ 34ಕ್ಕೇ ತಡ ಆಯ್ತಾ ಅಂತಾನೆ.

ಈಗ ನಮ್ಮ ಮುಂಬೈಗೆ ಬರೋಣ. ಹಗಲು ದುಡಿದು ರಾತ್ರಿ ಓದೋದು ಇಲ್ಲಿನ ಕನ್ನಡಿಗರಿಗೆ ಹೊಸದಲ್ಲ. ನಮ್ಮಪ್ಪ ಫೋರ್ಟ್‌ನ ಒಂದು ಹೋಟೆಲಲ್ಲಿ ಲೋಟ ತೊಳೀತಾ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ನಾನು ಬ್ಯಾಂಕ್ ಗುಮಾಸ್ತ ಆದೆ. 1983ರಲ್ಲಿ ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ಯಂತ್ರಗಳ ವಿಷಯದಲ್ಲಿ ಒಪ್ಪಂದ ಆಯ್ತು, ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂತು. ಕಂಪ್ಯೂಟರ್ ಬಂದರೆ ನಮ್ಮ ಕೆಲಸ ಹೋಗುತ್ತೆ ಅನ್ನೋ ಭಯ ಕ್ಯಾಂಟೀನಲ್ಲಿ ದಿನಾ ಕೇಳ್ತಿದ್ದೆ. 1981ರಲ್ಲಿ ಎನ್ಐಐಟಿ, 1986ರಲ್ಲಿ ಆಪ್ಟೆಕ್ ಹೀಗೆ ತರಬೇತಿ ಸಂಸ್ಥೆಗಳು ಹುಟ್ಟಿದವು. ಸಂಜೆ ಕ್ಲಾಸುಗಳಲ್ಲಿ ಕಾಲೇಜು ಹುಡುಗರ ಪಕ್ಕದಲ್ಲಿ ನಮ್ಮಂಥ ನೌಕರಸ್ಥರೂ ಕೂತರು.

ನಾನು 1987ರಲ್ಲಿ ದಾದರ್‌ನ ಒಂದು ಸಣ್ಣ ಸಂಸ್ಥೆಯಲ್ಲಿ ಕೋಬಾಲ್‌ಗೆ ಸೇರಿದೆ. ಯಂತ್ರದ ಮುಂದೆ ಕೂರೋಕೆ ಸಿಗ್ತಿದ್ದದ್ದು ವಾರಕ್ಕೆ ಒಂದು ಗಂಟೆ. ಮಿಕ್ಕಿದ್ದೆಲ್ಲಾ ಕಾಗದದ ಮೇಲೆ. ಡೊಂಬಿವಲಿ ಲೋಕಲ್‌ನಲ್ಲಿ ಜಾಗ ಸಿಕ್ಕಿದರೆ ಬ್ಯಾಗನ್ನು ತೊಡೆ ಮೇಲಿಟ್ಟು ಬರೀತಿದ್ದೆ. ಕೆಲವು ಸಾಲು ಎಂಟನೇ ಕಾಲಮ್ಮಿಂದ, ಮಿಕ್ಕವು ಹನ್ನೆರಡನೇ ಕಾಲಮ್ಮಿಂದ ಶುರುವಾಗಬೇಕು. ಒಂದು ಫುಲ್‌ಸ್ಟಾಪ್ ಬಿಟ್ಟುಹೋದರೆ ತಪ್ಪುಗಳ ಪಟ್ಟಿಯೇ ಬರ್ತಿತ್ತು, ಆ ವಾರದ ಒಂದು ಗಂಟೆ ಅಲ್ಲಿಗೆ ಮುಗೀತು.

ಹದಿನಾಲ್ಕು ತಿಂಗಳಾದ ಮೇಲೆ ಸರ್ಟಿಫಿಕೇಟ್ ಬಂತು. ಆದರೆ ನಮ್ಮ ಶಾಖೆಗೆ ಬಂದ ಲೆಡ್ಜರ್ ಯಂತ್ರದಲ್ಲಿ ಪ್ರೋಗ್ರಾಂ ಬರೆದೇ ಬಂದಿತ್ತು. ಅಂಕಿ ತುಂಬಿಸೋದಷ್ಟೇ ನಮ್ಮ ಕೆಲಸ. ಕಲಿತದ್ದನ್ನು ಎರಡು ವರ್ಷದಲ್ಲಿ ಮರೆತೆ. ಆ ಹದಿನಾಲ್ಕು ತಿಂಗಳು ರಾತ್ರಿ ಹನ್ನೊಂದಕ್ಕೆ ನನಗೆ ಅನ್ನ ಬಿಸಿ ಮಾಡಿಕೊಟ್ಟವಳು ನನ್ನ ಹೆಂಡತಿ, ಮಗುವಿನ ಜ್ವರಕ್ಕೆ ಒಬ್ಬಳೇ ಎದ್ದು ಕೂತವಳೂ ಅವಳೇ. ನನ್ನ ಕಲಿಕೆಯ ಫೀಸನ್ನು ಅವಳೂ ಕಟ್ಟಿದ್ದಾಳೆ. ಇದನ್ನು ನಾನು ಅವಳ ಮುಂದೆ ಒಪ್ಪಿಕೊಂಡದ್ದು ರಿಟೈರ್ ಆದ ಮೇಲೆ.

ಹಾಗಾದರೆ ಫಿಲಡೆಲ್ಫಿಯಾದ ಆ ಆರು ಜನರಿಗೂ ನನಗೂ ಏನು ವ್ಯತ್ಯಾಸ? ಅವರು ನನಗಿಂತ ಜಾಣರು ಅಂತ ಹೇಳಿ ಮುಗಿಸಬಹುದು, ನಿಜವೂ ಇರಬಹುದು. ಆದರೆ ಅವರು ಸಂಬಳ ತಗೊಂಡು, ಆ ಕೆಲಸಕ್ಕಾಗಿಯೇ ಕಲಿತರು. ಡೊರೊಥಿ ಕಲಿತದ್ದಕ್ಕೂ ಅದೇ ಆಫೀಸಲ್ಲಿ ಉಪಯೋಗ ಇತ್ತು, 1971ರಲ್ಲಿ ನಿವೃತ್ತರಾಗೋ ತನಕ ಅಲ್ಲೇ ದುಡಿದರು. ನಾನು ನಿದ್ದೆ ಕೆಟ್ಟು ಕಲಿತದ್ದಕ್ಕೆ ಮರುದಿನ ಬೆಳಿಗ್ಗೆ ಜಾಗವೇ ಇರಲಿಲ್ಲ.

ಭಾನುವಾರ ಅಕ್ಕನ ಮಗನಿಗೆ ನಾನೇ ಫೋನ್ ಮಾಡಿದೆ. "ವಯಸ್ಸಿನ ವಿಷಯ ಬಿಡು. ಆಫೀಸಲ್ಲಿ ಪ್ರತಿ ತಿಂಗಳು ಕೈಯಲ್ಲಿ ಮಾಡೋ ಬೇಜಾರಿನ ಕೆಲಸ ಯಾವುದು?" ಅಂತ ಕೇಳಿದೆ. ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಲೆಡ್ಜರನ್ನೂ ತಾಳೆ ನೋಡೋದು, ಎರಡು ದಿನ ಹಿಡಿಯುತ್ತೆ ಅಂದ. "ಮೊದಲು ಅದನ್ನೇ ಪೈಥಾನಲ್ಲಿ ಬರಿ. ಆಫೀಸಲ್ಲಿ ಕೇಳಿ ಅನುಮತಿ ತಗೋ, ಆದರೆ ಹಗಲೇ ಒಂದು ಗಂಟೆ ಕೇಳು. ಕೊಡದಿದ್ದರೆ ಮನೆಯಲ್ಲಿ ಕೂತು ಇಬ್ಬರೂ ಮಾತಾಡಿ, ವಾರಕ್ಕೆ ಎಷ್ಟು ರಾತ್ರಿ ಅಂತ ಲೆಕ್ಕ ಹಾಕಿಕೊಳ್ಳಿ" ಅಂದೆ. ಆ ಕಡೆಯಿಂದ ಅವನ ಹೆಂಡತಿ, "ಮಾವ, ಸ್ಪೀಕರ್ ಆನ್ ಇದೆ, ನಾನೂ ಕೇಳ್ತಾ ಇದ್ದೀನಿ" ಅಂದಳು.

ಮುಂದಿನ ವಾರ ಮುಂಬೈಯ ರಾತ್ರಿ ಶಾಲೆಗಳ ಬಗ್ಗೆಯೇ ಮಾತಾಡೋಣ.